ಆಫ್ರೋ-ಲ್ಯಾಟಿನೋ ಕಲಾಸಂಘ ಕಟ್ಟಲು ಮೊದಲು ಬೇಕಾದದ್ದು ನೋಂದಣಿಯೋ, ಉತ್ಸವವೋ?

ನಿಮ್ಮ ಪತ್ನಿಯವರು ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಮೂಲದವರು. ಅವರ ಬಂಧುಬಳಗದ ಜೊತೆ ಸೇರಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಆಫ್ರೋ-ಲ್ಯಾಟಿನೋ, ಅಂದರೆ ಆಫ್ರಿಕನ್ ಮೂಲದ ಲ್ಯಾಟಿನ್ ಅಮೆರಿಕನ್ನರ, ಕಲೆ ಮತ್ತು ಶಿಕ್ಷಣಕ್ಕೊಂದು ಸಂಘ ಕಟ್ಟಲು ಹೊರಟಿದ್ದೀರಿ. ಮೊದಲು ನೋಂದಣಿಯೋ ಉತ್ಸವವೋ ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಮೊದಲು ಒಂದು ತರಗತಿ ಶುರುಮಾಡಿ. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ. ಹೇಳಿಕೊಡುವ ಹಿರಿಯರಿಗೆ ತಪ್ಪದೆ ಸಂಭಾವನೆ ಕೊಟ್ಟು. ಇದೇ ನಗರದ ಇಂಥದೊಂದು ಸಂಘಕ್ಕೆ ನಾನು ಬಹುಕಾಲದಿಂದ ಖಜಾಂಚಿ. ಜನ ನಿಲ್ಲುವುದು ತರಗತಿಯಿಂದಲೇ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿನ ಚರಿತ್ರೆಯೂ ಅದನ್ನೇ ಹೇಳುತ್ತದೆ. ಎಲ್ ಮ್ಯೂಸಿಯೊ ದೆಲ್ ಬಾರಿಯೊ ಎಂಬ ವಸ್ತುಸಂಗ್ರಹಾಲಯ 1969ರಲ್ಲಿ ಹುಟ್ಟಿದ್ದು ನ್ಯೂಯಾರ್ಕ್‌ನ ಒಂದು ಸರ್ಕಾರಿ ಶಾಲೆಯ ಕೊಠಡಿಯಲ್ಲಿ. ತಮ್ಮ ಮಕ್ಕಳಿಗೆ ತಮ್ಮ ಸಂಸ್ಕೃತಿಯನ್ನೂ ಕಲಿಸಬೇಕೆಂದು ಪೋರ್ಟೊ ರಿಕೊದ ತಂದೆತಾಯಂದಿರು ಪಟ್ಟು ಹಿಡಿದಿದ್ದರು. ಅದರ ನಿರ್ದೇಶಕಿಯಾಗಿದ್ದ ಮಾರ್ತಾ ಮೊರೆನೊ ವೇಗಾ 1976ರಲ್ಲಿ ಕೆರಿಬಿಯನ್ ಕಲ್ಚರಲ್ ಸೆಂಟರ್ ಕಟ್ಟಿದರು. ಆ ಸಂಸ್ಥೆ 125ನೇ ಬೀದಿಯ ಹಳೆಯ ಅಗ್ನಿಶಾಮಕ ಠಾಣೆಯ ಕಟ್ಟಡಕ್ಕೆ ಕಾಲಿಟ್ಟದ್ದು 2016ರಲ್ಲಿ. ನಡುವೆ 40 ವರ್ಷ! ಸ್ವಂತ ಕಟ್ಟಡದ ಚಿಂತೆ ನಿಮಗೆ ಈಗಲೇ ಬೇಡ.

ತರಗತಿ ಎಂದು ಒತ್ತಿ ಹೇಳಲು ಬೊಂಬಾ ಕುಣಿತವೇ ಕಾರಣ. ಪೋರ್ಟೊ ರಿಕೊದ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದ ಆಫ್ರಿಕನ್ನರು ಬೆಳೆಸಿದ ಕಲೆ ಅದು. ಬುಲೆಯಾದೊರ್ ಎಂಬ ದೊಡ್ಡ ಡೋಲು ತಾಳವನ್ನು ಹಿಡಿದು ನಿಲ್ಲಿಸುತ್ತದೆ. ಪ್ರಿಮೊ ಎಂಬ ಇನ್ನೊಂದು ಡೋಲು ಕುಣಿಯುವವರ ಹೆಜ್ಜೆಗೆ, ಲಂಗದ ಬೀಸಿಗೆ ಆ ಕ್ಷಣದಲ್ಲೇ ಉತ್ತರ ಕೊಡುತ್ತದೆ. ಅಂದರೆ ಕುಣಿಯುವವಳು ಆಜ್ಞೆ ಮಾಡುತ್ತಾಳೆ, ಬಾರಿಸುವವನು ಪಾಲಿಸುತ್ತಾನೆ. ಈ ಸವಾಲು-ಜವಾಬು ವಿಡಿಯೊ ನೋಡಿದರೆ ಕೈಗೆ ಹತ್ತುವುದಿಲ್ಲ. ಇಬ್ಬರೂ ಎದುರುಬದುರು ನಿಲ್ಲಲೇಬೇಕು. ಪೋರ್ಟೊ ರಿಕೊದ ಇನ್ನೊಂದು ಜನಪದ ಪ್ರಕಾರವಾದ ಪ್ಲೆನಾ ಹಾಡುಗಳಿಗಂತೂ 'ಹಾಡುವ ಪತ್ರಿಕೆ' ಎಂಬ ಹೆಸರಿದೆ, ಊರಿನ ಸುದ್ದಿಯೆಲ್ಲ ಅದರಲ್ಲಿರುತ್ತದೆ. ಅವನ್ನು ಬಲ್ಲ ಹಿರಿಯರನ್ನು ಹುಡುಕಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಹಾಡಿನ ಜೊತೆ ಅದರ ಹಿಂದಿನ ಕಥೆಯನ್ನೂ ಧ್ವನಿಮುದ್ರಿಸಿಕೊಳ್ಳಿ. ಮಕ್ಕಳಿಗೆ ಆರ್ತುರೊ ಶೋಂಬರ್ಗ್ ಅವರ ಬಗ್ಗೆ ಹೇಳಿ. 1874ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದ ಆ ಕಪ್ಪು ವಿದ್ವಾಂಸ ಕೂಡಿಟ್ಟ ಪುಸ್ತಕ, ಹಸ್ತಪ್ರತಿಗಳನ್ನು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 1926ರಲ್ಲಿ ಪಡೆದುಕೊಂಡಿತು. ಕಪ್ಪು ಜನರ ಚರಿತ್ರೆ, ಸಂಸ್ಕೃತಿಯ ಅಧ್ಯಯನಕ್ಕಿರುವ ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರಕ್ಕೆ ಅದೇ ಬುನಾದಿ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.

ಕಾಗದಪತ್ರದ ವಿಚಾರ. ಆರಂಭದಲ್ಲಿ ಈಗಾಗಲೇ ನೋಂದಣಿಯಾದ ಸಂಸ್ಥೆಯೊಂದರ ಆಶ್ರಯದಲ್ಲಿ ದೇಣಿಗೆ ಪಡೆಯಬಹುದು. ಅದಕ್ಕೆ ಅವರು ಒಂದಿಷ್ಟು ಪಾಲು ಹಿಡಿದುಕೊಳ್ಳುತ್ತಾರೆ. ನೋಂದಣಿಗೆ ನ್ಯೂಯಾರ್ಕ್ ರಾಜ್ಯದಲ್ಲಿ ಕನಿಷ್ಠ 3 ನಿರ್ದೇಶಕರು ಬೇಕು. ಆಮೇಲೆ ಸೇವಾಸಂಸ್ಥೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರ ಕೊಡುವ 501(ಸಿ)(3) ತೆರಿಗೆ ವಿನಾಯಿತಿ. ವರ್ಷದ ಆದಾಯ 50,000 ಡಾಲರ್ ಮೀರುವುದಿಲ್ಲವೆಂದಾದರೆ ಸಣ್ಣ ಸಂಸ್ಥೆಗಳಿಗೆಂದೇ ಇರುವ ಸರಳ ಅರ್ಜಿ ಸಾಕಾಗುತ್ತದೆ. ಆದರೆ ಸತತ 3 ವರ್ಷ ವಾರ್ಷಿಕ ವಿವರ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದಾಗುತ್ತದೆ. ಈ ಕೆಲಸವನ್ನು ಮೊದಲ ದಿನವೇ ಒಬ್ಬರ ಹೆಸರಿಗೆ ಬರೆದುಬಿಡಿ.

ನೀವು ಕೇಳದ ಒಂದು ಮಾತು. ಅಧ್ಯಕ್ಷ ಸ್ಥಾನ ನೀವು ತೆಗೆದುಕೊಳ್ಳಬೇಡಿ. ಆ ಪರಂಪರೆಯಲ್ಲಿ ಹುಟ್ಟಿ ಬೆಳೆದವರೇ ಮಂಡಳಿಯಲ್ಲಿ ಹೆಚ್ಚಿರಲಿ. ಆ ಪರಂಪರೆಯ ಹೊರಗಿನ ನಮ್ಮಂಥವರಿಗೆ ಲೆಕ್ಕ ಬರೆಯುವುದು, ಅನುದಾನದ ಅರ್ಜಿ ತುಂಬುವುದು, ಕುರ್ಚಿ ಜೋಡಿಸುವುದು ಬೇಕಾದಷ್ಟಿದೆ. ಪೋರ್ಟೊ ರಿಕೊದವರಷ್ಟೇ ಕೂತು ತೀರ್ಮಾನಿಸುವುದೂ ಬೇಡ: ಬ್ರಾಂಕ್ಸ್‌ನಲ್ಲಿ ಡೊಮಿನಿಕನ್ನರಿದ್ದಾರೆ, ಹೊಂಡುರಾಸ್‌ನಿಂದ ಬಂದ, ಆಫ್ರಿಕನ್ ಮತ್ತು ಕೆರಿಬಿಯನ್ ಮೂಲನಿವಾಸಿ ಬೇರುಗಳಿರುವ ಗರಿಫುನಾ ಜನರಿದ್ದಾರೆ. ಗರಿಫುನಾ ಭಾಷೆ, ಕುಣಿತ, ಸಂಗೀತವನ್ನು ಯುನೆಸ್ಕೊ 2001ರಲ್ಲೇ ಮನುಕುಲದ ಪರಂಪರೆಯೆಂದು ಸಾರಿದೆ. ಹೆಸರು ಇಡುವ ಮೊದಲೇ ಅವರನ್ನು ಕರೆಯಿರಿ. ಕೈಗೆ ಬರುವ ಮೊದಲ ದೇಣಿಗೆಯಲ್ಲಿ ಬ್ಯಾನರ್ ಮಾಡಿಸದೆ ಡೋಲು ಕೊಳ್ಳಿ, ಮಕ್ಕಳು ಮನೆಗೂ ಒಯ್ದು ಅಭ್ಯಾಸ ಮಾಡುವಂತಿರಲಿ.