ಓದುಗರ ಪ್ರಶ್ನೆ: ಕಣ್ಣಿನ ಚಿಕಿತ್ಸೆ ಮತ್ತು ಸಂಶೋಧನೆ

ಪ್ರಶ್ನೆ: ಎರಡು ವರ್ಷಗಳಿಂದ ನನ್ನ ಕಣ್ಣುಗಳು ಒಣಗಿ ಉರಿಯುತ್ತವೆ. ಮೀನೆಣ್ಣೆಯ ಗುಳಿಗೆ ಆರಂಭಿಸಿದ ಮೇಲೆ ಉರಿ ಎಷ್ಟೋ ತಗ್ಗಿದೆ. ಆದರೆ ಅದರಿಂದ ಪ್ರಯೋಜನವಿಲ್ಲವೆಂದು ಸಂಶೋಧನೆಯಲ್ಲಿ ತಿಳಿದುಬಂದಿದೆಯಂತೆ. ಹಾಗಾದರೆ ನನಗೆ ಗುಣವಾದದ್ದು ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ನಿಮ್ಮ ಉರಿ ತಗ್ಗಿರುವುದು ನಿಜ. ತಗ್ಗಿಸಿದ್ದು ಮೀನೆಣ್ಣೆಯೇ ಎಂಬುದಷ್ಟೇ ಸಂದೇಹದ ಮಾತು. ನೀವು ಕೇಳಿರುವುದು ಬಹುಶಃ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಡ್ರೀಮ್’ ಎಂಬ ಪ್ರಯೋಗದ ವಿಷಯ. ಒಣಗಣ್ಣಿನಿಂದ ಸಾಕಷ್ಟು ಬಾಧೆಪಡುತ್ತಿದ್ದ 535 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮೀನೆಣ್ಣೆಯಲ್ಲಿರುವ ಒಮೆಗಾ–3 ಕೊಬ್ಬಿನಾಮ್ಲವನ್ನು ದಿನಕ್ಕೆ 3000 ಮಿಲಿಗ್ರಾಂನಷ್ಟೂ ಇನ್ನೊಂದಕ್ಕೆ ನೋಡಲು ಅಂಥದೇ ಆದ ಆಲಿವ್ ಎಣ್ಣೆಯ ಗುಳಿಗೆಗಳನ್ನೂ ಒಂದು ವರ್ಷ ಕೊಟ್ಟರು. ಯಾರಿಗೆ ಯಾವುದು ಸಿಗುತ್ತಿದೆ ಎಂಬುದು ರೋಗಿಗಳಿಗೂ ಪರೀಕ್ಷಿಸುವ ವೈದ್ಯರಿಗೂ ತಿಳಿದಿರಲಿಲ್ಲ. ವರ್ಷದ ಕೊನೆಗೆ ಮೀನೆಣ್ಣೆಯ ಗುಂಪಿನಲ್ಲಿ ಬಾಧೆ ಗಣನೀಯವಾಗಿ ಇಳಿದಿತ್ತು. ಆಲಿವ್ ಎಣ್ಣೆಯ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಎರಡರ ನಡುವಿನ ಅಂತರ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ.

ಎರಡನೆಯ ಗುಂಪು ಇರದಿದ್ದರೆ ಮೀನೆಣ್ಣೆ ಒಳ್ಳೆಯ ಔಷಧವೆಂದೇ ಎಲ್ಲರೂ ತೀರ್ಮಾನಿಸುತ್ತಿದ್ದರು. ಒಣಗಣ್ಣಿನ ಬಾಧೆ ಒಂದೇ ಸಮನೆ ಇರುವುದಿಲ್ಲ, ಏರಿಳಿಯುತ್ತದೆ. ಬಾಧೆ ಮಿತಿಮೀರಿದಾಗಲೇ ನಾವು ಹೊಸ ಚಿಕಿತ್ಸೆಗೆ ಕೈಹಾಕುವುದರಿಂದ, ಆಮೇಲೆ ಅದು ತಾನಾಗಿ ಇಳಿದರೂ ಕೀರ್ತಿ ಗುಳಿಗೆಗೆ ಸಲ್ಲುತ್ತದೆ. ಆಲಿವ್ ಎಣ್ಣೆಗೇ ಒಂದಿಷ್ಟು ಗುಣವಿರಬಹುದಲ್ಲವೇ ಎಂದು ಕೆಲವು ತಜ್ಞರು ಆಕ್ಷೇಪಿಸಿದ್ದುಂಟು. ಆದರೆ ಕೊಡುತ್ತಿದ್ದುದು ದಿನಕ್ಕೆ ಒಂದು ಚಮಚದಷ್ಟು ಮಾತ್ರ, ಆದ್ದರಿಂದ ಆ ವಾದ ನನಗೆ ಬಲವಾಗಿ ಕಾಣುವುದಿಲ್ಲ. ಗುಳಿಗೆಯನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ನಂಬಿಕೊಂಡು ಕೃತಕ ಕಣ್ಣೀರಿನ ಹನಿಗಳನ್ನೂ ರೆಪ್ಪೆಯ ಅಂಚಿನ ಆರೈಕೆಯನ್ನೂ ಕೈಬಿಡಬೇಡಿ. ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದರೆ ಇಷ್ಟು ಪ್ರಮಾಣದ ಮೀನೆಣ್ಣೆಯ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸಿರಿ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಸಮೀಪದೃಷ್ಟಿ ದೋಷವಿದ್ದು, ಕನ್ನಡಕದ ನಂಬರು ವರ್ಷವರ್ಷವೂ ಏರುತ್ತಿದೆ. ಒಬ್ಬ ವೈದ್ಯರು ಶೇಕಡಾ 0.01ರ ಅಟ್ರೋಪಿನ್ ಹನಿಯನ್ನು ಸೂಚಿಸಿದರು, ಇನ್ನೊಬ್ಬರು ಅದರಿಂದ ಫಲವಿಲ್ಲವೆಂದರು. ಯಾರನ್ನು ನಂಬುವುದು?

ಉತ್ತರ: ಇಬ್ಬರ ಮಾತಿಗೂ ಆಧಾರವಿದೆ. ಸಿಂಗಪುರದಲ್ಲಿ ನಡೆದ ಮೊದಲ ಪ್ರಯೋಗ ಶೇಕಡಾ 1ರ ಅಟ್ರೋಪಿನ್ ನಂಬರಿನ ಏರಿಕೆಯನ್ನು ಚೆನ್ನಾಗಿ ತಡೆಯುತ್ತದೆಂದು 2006ರಲ್ಲಿ ತೋರಿಸಿತು. ಆದರೆ ಪಾಪೆ ಹಿಗ್ಗಿ ಬೆಳಕು ಚುಚ್ಚುವುದು, ಹತ್ತಿರದ ಅಕ್ಷರ ಮಸುಕಾಗುವುದು, ಔಷಧ ನಿಲ್ಲಿಸಿದೊಡನೆ ನಂಬರು ವೇಗವಾಗಿ ಏರುವುದು ಇವೆಲ್ಲ ಅದರ ಜೊತೆಗೇ ಬಂದವು. ಹಾಗಾಗಿ ಎರಡನೆಯ ಪ್ರಯೋಗದಲ್ಲಿ ಶೇಕಡಾ 0.5, 0.1 ಮತ್ತು 0.01ರ ಹನಿಗಳನ್ನು ಪರೀಕ್ಷಿಸಿದರು. ಅತಿ ದುರ್ಬಲವಾದ ಹನಿಯೂ ಕೆಲಸ ಮಾಡುವಂತೆ ಕಂಡದ್ದು ಅಲ್ಲಿಯೇ. ಅದು ಜಗತ್ತಿನಾದ್ಯಂತ ಬಳಕೆಗೆ ಬಂದದ್ದೂ ಆ ಫಲಿತಾಂಶದ ಬಲದ ಮೇಲೆಯೇ. ಆದರೆ ಆ ಎರಡನೆಯ ಪ್ರಯೋಗದಲ್ಲಿ ಔಷಧವಿಲ್ಲದ ಹನಿ ಹಾಕಿಸಿಕೊಂಡ ಗುಂಪೇ ಇರಲಿಲ್ಲ. ಹಿಂದಿನ ಪ್ರಯೋಗದ ಮಕ್ಕಳೊಡನೆ ಹೋಲಿಸಿ ನೋಡಿದ್ದರು, ಅಷ್ಟೆ.

ಆ ಕೊರತೆಯನ್ನು ತುಂಬಿದ್ದು ಹಾಂಗ್‌ಕಾಂಗಿನ ‘ಲ್ಯಾಂಪ್’ ಪ್ರಯೋಗ. ಔಷಧವಿಲ್ಲದ ಹನಿಯ ಗುಂಪಿನಲ್ಲಿ ಒಂದು ವರ್ಷದಲ್ಲಿ ನಂಬರು ಸರಾಸರಿ 0.81 ಡಯಾಪ್ಟರ್ ಏರಿದರೆ, ಶೇಕಡಾ 0.01ರ ಗುಂಪಿನಲ್ಲಿ 0.59, 0.025ರಲ್ಲಿ 0.46, 0.05ರಲ್ಲಿ 0.27 ಏರಿತು. ಶೇಕಡಾ 0.01ರ ಹನಿ ನಂಬರಿನ ಏರಿಕೆಯನ್ನು ಕೊಂಚ ತಗ್ಗಿಸಿದರೂ ಕಣ್ಣುಗುಡ್ಡೆ ಉದ್ದವಾಗುವುದನ್ನು ಸ್ಪಷ್ಟವಾಗಿ ತಡೆಯಲಿಲ್ಲ. ಮುಂದಿನ ಅಪಾಯಗಳೆಲ್ಲ ಹುಟ್ಟುವುದು ಆ ಉದ್ದದಿಂದ. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಂತೂ ಎರಡು ವರ್ಷ ಹಾಕಿದ 0.01ರ ಹನಿಗೂ ಔಷಧವಿಲ್ಲದ ಹನಿಗೂ ವ್ಯತ್ಯಾಸವೇ ಕಾಣಲಿಲ್ಲ. ಆದ್ದರಿಂದ ಅಟ್ರೋಪಿನ್ ಬೇಕೇ ಎಂದು ಕೇಳುವುದಕ್ಕಿಂತ ಎಷ್ಟು ಸಾಂದ್ರತೆಯದು ಎಂದು ಕೇಳುವುದು ಲೇಸು. ಆರು ತಿಂಗಳಿಗೊಮ್ಮೆ ನಂಬರಿನ ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಯಬಲ್ಲ ವೈದ್ಯರಿದ್ದರೆ ಔಷಧ ಫಲಿಸುತ್ತಿದೆಯೇ ಎಂಬುದು ನಿಮಗೇ ತಿಳಿಯುತ್ತದೆ. ದಿನವೂ ಹೊರಗಿನ ಬೆಳಕಿನಲ್ಲಿ ಆಟವಾಡುವುದರಿಂದ ಸಮೀಪದೃಷ್ಟಿ ಆರಂಭವಾಗುವ ಸಂಭವ ತಗ್ಗುತ್ತದೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಈಗಾಗಲೇ ಬಂದಿರುವ ದೋಷದ ಮೇಲೆ ಅದರ ಪರಿಣಾಮ ಅಷ್ಟು ಖಚಿತವಲ್ಲ.

ಪ್ರಶ್ನೆ: ಐದು ವರ್ಷದ ಮಗನ ಒಂದು ಕಣ್ಣು ಸೋಮಾರಿ, ಅಂದರೆ ಅದರ ದೃಷ್ಟಿ ಮಂದ. ಚೆನ್ನಾಗಿರುವ ಕಣ್ಣನ್ನು ದಿನಕ್ಕೆ ಎರಡೇ ಗಂಟೆ ಪಟ್ಟಿಯಿಂದ ಮುಚ್ಚಿದರೆ ಸಾಕೆಂದಿದ್ದಾರೆ. ಪರಿಚಿತರ ಮಗುವಿಗೆ ಆರು ಗಂಟೆ ಹೇಳಿದ್ದಾರೆ. ನಮ್ಮವನಿಗೆ ಎರಡು ಗಂಟೆ ಸಾಕಾಗುತ್ತದೆಯೇ?

ಉತ್ತರ: ದೋಷ ಮಧ್ಯಮ ಪ್ರಮಾಣದ್ದಾಗಿದ್ದರೆ ಎರಡು ಗಂಟೆ ಸಾಕು. ಏಳು ವರ್ಷದೊಳಗಿನ ಅಂಥ ಮಕ್ಕಳಲ್ಲಿ ಎರಡು ಗಂಟೆಯ ಪಟ್ಟಿಯನ್ನೂ ಆರು ಗಂಟೆಯದನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ತಿಂಗಳ ನಂತರ ಎರಡೂ ಗುಂಪುಗಳ ದೃಷ್ಟಿ ಸಮನಾಗಿ ಸುಧಾರಿಸಿತ್ತು. ಎರಡೂ ಗುಂಪುಗಳಲ್ಲಿ ಪಟ್ಟಿ ಕಟ್ಟಿಕೊಂಡಿರುವಾಗ ಒಂದು ಗಂಟೆಯಾದರೂ ಚಿತ್ರ ಬರೆಯುವುದೇ ಮೊದಲಾದ ಹತ್ತಿರದ ಕೆಲಸ ಮಾಡಿಸುತ್ತಿದ್ದರು. ತೀವ್ರ ದೋಷದ ಮಕ್ಕಳಿಗೆ ಈ ಫಲಿತಾಂಶ ಅನ್ವಯಿಸದು. ಪರಿಚಿತರ ಮಗುವಿನದು ಅಂಥದೇ ಇರಬಹುದು.

ಪ್ರಶ್ನೆ: ಕಣ್ಣಿಗೆ ಒಳ್ಳೆಯದೆಂದು ಮಾರುವ ವಿಟಮಿನ್ ಗುಳಿಗೆ ಸೇವಿಸಿದರೆ ಪೊರೆ ಬರುವುದು ತಪ್ಪುತ್ತದೆಯೇ?

ಉತ್ತರ: ಇಲ್ಲ. ಈ ಗುಳಿಗೆಗಳಿಗೆ ಮೂಲವಾದ ‘ಎರೆಡ್ಸ್’ ಪ್ರಯೋಗದಲ್ಲೇ ಪೊರೆಯ ಮೇಲೆ ಅವುಗಳ ಪರಿಣಾಮ ಕಾಣಲಿಲ್ಲ. ವಯಸ್ಸಿನಿಂದ ಅಕ್ಷಿಪಟಲದ ನಡುಭಾಗ ಸವೆಯುವ ರೋಗವು ಮಧ್ಯಮ ಹಂತ ತಲುಪಿದವರಲ್ಲಿ ಅದು ಉಲ್ಬಣಿಸುವ ಅಪಾಯ ಸುಮಾರು ಕಾಲುಭಾಗದಷ್ಟು ತಗ್ಗಿತು, ಅಷ್ಟೆ. ಧೂಮಪಾನಿಗಳಲ್ಲಿ ಮೂಲ ಗುಳಿಗೆಯಲ್ಲಿದ್ದ ಬೀಟಾ ಕ್ಯಾರೋಟಿನ್ ಶ್ವಾಸಕೋಶದ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುವುದರಿಂದ, ಅಕ್ಷಿಪಟಲದ ರೋಗಕ್ಕೆಂದು ಕೊಳ್ಳುವವರೂ ಬೀಟಾ ಕ್ಯಾರೋಟಿನ್ ಇಲ್ಲದ, ಅದರ ಬದಲು ಲುಟೀನ್ ಇರುವ ಗುಳಿಗೆಯನ್ನೇ ಆರಿಸಬೇಕು. ಪೊರೆಗೆ ಶಸ್ತ್ರಚಿಕಿತ್ಸೆಯೇ ಪರಿಹಾರ, ಅದೂ ದೃಷ್ಟಿಯ ಮಸುಕು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಾಗ.