ಪೇಜ್ ಸೈಜ್ 4 ಕೆಬಿ ಬದಲು 64 ಕೆಬಿ ಯಾಕೆ ಮಾಡಬಾರದು?

ಕಂಪ್ಯೂಟರ್ ಮೆಮೊರಿಯನ್ನು ಒಂದೇ ಅಳತೆಯ ತುಂಡುಗಳಾಗಿ ಹಂಚಿಕೊಳ್ಳುತ್ತದೆ, ಅಂಥ ಒಂದು ತುಂಡೇ ಪೇಜ್. ಇಂಟೆಲ್‌ನ 386 ಚಿಪ್ ಬಂದಿದ್ದು 1985ರಲ್ಲಿ, ಆಗಿನ 4 ಕೆಬಿ ಪೇಜ್ ಇವತ್ತಿನ 16 ಜಿಬಿ ಲ್ಯಾಪ್‌ಟಾಪಿಗೂ ಯಾಕೆ, 64 ಕೆಬಿ ಮಾಡಿದರೆ ವೇಗ ಹೆಚ್ಚಲ್ವಾ ಅಂತ ಕೇಳಿದ್ದೀರಿ. ಹೆಚ್ಚುತ್ತದೆ, ಆದರೆ ಅದಕ್ಕೆ ತೆರುವ ಬೆಲೆ ದೊಡ್ಡದು.

ಲಾಭ ಟಿಎಲ್‌ಬಿಯಲ್ಲಿದೆ. ಪ್ರೋಗ್ರಾಮ್ ಕೇಳಿದ ವಿಳಾಸ ರ್‍ಯಾಮ್‌ನಲ್ಲಿ ನಿಜವಾಗಿ ಎಲ್ಲಿದೆ ಅಂತ ಪ್ರೊಸೆಸರ್, ಯಾವ ಪೇಜ್ ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿಯಾದ ಪೇಜ್ ಟೇಬಲ್‌ನಲ್ಲಿ ಹುಡುಕಬೇಕು. ಪ್ರತಿ ಸಲ ಹುಡುಕುತ್ತಾ ಕೂತರೆ ಕೆಲಸ ಸಾಗುವುದಿಲ್ಲ, ಅದಕ್ಕೇ ಒಮ್ಮೆ ಸಿಕ್ಕಿದ್ದನ್ನು ಟಿಎಲ್‌ಬಿ ಎಂಬ ಪುಟ್ಟ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದರಲ್ಲಿ 1536 ಜಾಗ ಇದ್ದರೆ, 4 ಕೆಬಿ ಲೆಕ್ಕದಲ್ಲಿ ಬರೀ 6 ಎಂಬಿಗೆ ಸಾಕಾಗುತ್ತದೆ. 64 ಕೆಬಿ ಆದರೆ 96 ಎಂಬಿ.

ಈಗ ನಷ್ಟಕ್ಕೆ ಬನ್ನಿ, ಜನ ಇದನ್ನು ತುಂಬಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಓದಿದ ಫೈಲುಗಳನ್ನೆಲ್ಲ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ರ್‍ಯಾಮ್‌ನೊಳಗಿನ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ, ಮತ್ತು ಫೈಲು ಎಷ್ಟೇ ಚಿಕ್ಕದಿರಲಿ, ಅದಕ್ಕೆ ಒಂದು ಪೂರ್ತಿ ಪೇಜ್ ಬೇಕೇ ಬೇಕು. ಲಿನಕ್ಸ್ ಕರ್ನಲ್ ಸೋರ್ಸನ್ನೇ ನೋಡಿ. 70 ಸಾವಿರಕ್ಕೂ ಹೆಚ್ಚು ಫೈಲುಗಳು, ಬಹುಪಾಲು ಚಿಕ್ಕವು. ಒಮ್ಮೆ ಎಲ್ಲದರಲ್ಲೂ ಗ್ರೆಪ್ ಹೊಡೆದರೆ, ಅಂದರೆ ಯಾವುದೋ ಪದ ಹುಡುಕಿದರೆ, 64 ಕೆಬಿ ಪೇಜಿನಲ್ಲಿ ಕಡಿಮೆ ಅಂದರೂ 4 ಜಿಬಿ ಮೀರುತ್ತದೆ, ಫೈಲುಗಳ ನಿಜವಾದ ಗಾತ್ರ ಅದರ ಅರ್ಧವೂ ಇರುವುದಿಲ್ಲ. ಮಿಕ್ಕಿದ್ದೆಲ್ಲ ಖಾಲಿ ಜಾಗ, ಆದರೂ ರ್‍ಯಾಮ್ ಹೋಯಿತು. ರೆಡ್ ಹ್ಯಾಟ್ ಕಂಪನಿ ಆರ್ಮ್ ಪ್ರೊಸೆಸರ್‌ಗಳಿಗೆ ಕೊಡುವ ತನ್ನ ಲಿನಕ್ಸ್‌ನಲ್ಲಿ 8ನೇ ಆವೃತ್ತಿಯವರೆಗೆ 64 ಕೆಬಿ ಇಟ್ಟು, 9ರಲ್ಲಿ ಮತ್ತೆ 4 ಕೆಬಿಗೆ ಬಂದಿದೆ, ದೊಡ್ಡದು ಬೇಕಾದವರಿಗೆ ಬೇರೆ ಕರ್ನಲ್ ಕೊಡುತ್ತದೆ.

ಇನ್ನೊಂದು ತಾಪತ್ರಯ ಹಳೆಯ ಬೈನರಿಗಳದ್ದು, ಅಂದರೆ ಮೊದಲೇ ಕಂಪೈಲ್ ಆಗಿರುವ ಪ್ರೋಗ್ರಾಮ್‌ಗಳದ್ದು. ನನ್ನ ಹತ್ತಿರ 16 ಕೆಬಿ ಪೇಜಿನ ಒಂದು ಪುಟ್ಟ ಆರ್ಮ್ ಬೋರ್ಡ್ ಇದೆ. ಅದರಲ್ಲಿ ಒಂದು ಡೇಟಾಬೇಸ್ ಶುರುವೇ ಆಗಲಿಲ್ಲ, 'ಈ ಪೇಜ್ ಸೈಜ್ ನಡೆಯೋದಿಲ್ಲ' ಅಂತ ಒಂದು ಸಾಲು ಬರೆದು ನಿಂತುಬಿಟ್ಟಿತು. ಅದರೊಳಗೆ ಮೆಮೊರಿ ಹಂಚಿಕೊಡುವ ಭಾಗವಾದ ಅಲೊಕೇಟರನ್ನು ಕಂಪೈಲ್ ಮಾಡುವಾಗಲೇ 4 ಕೆಬಿ ಅಂತ ಗಟ್ಟಿ ಮಾಡಿದ್ದರು, ಇದು ಗೊತ್ತಾಗುವ ಹೊತ್ತಿಗೆ ನನ್ನ ಒಂದು ಸಂಜೆ ಪೂರ್ತಿ ಕಳೆದಿತ್ತು. ಆಂಡ್ರಾಯ್ಡ್ 15ರಿಂದ 16 ಕೆಬಿ ಬೆಂಬಲ ಬಂದಾಗ ಆ್ಯಪ್ ಬರೆಯುವವರು ತಮ್ಮ ಸಿ, ಸಿ++ ಲೈಬ್ರರಿಗಳನ್ನು ಮತ್ತೆ ಕಂಪೈಲ್ ಮಾಡಬೇಕಾಗಿ ಬಂದಿದ್ದೂ ಇಂಥದ್ದೇ ಕಾರಣಕ್ಕೆ.

ಅಂದಹಾಗೆ ನಿಮ್ಮದು ಇಂಟೆಲ್ ಅಥವಾ ಎಎಂಡಿ ಆದರೆ 64 ಕೆಬಿ ಪೇಜಿನ ಆಯ್ಕೆಯೇ ಇಲ್ಲ, 4 ಕೆಬಿ ಆದಮೇಲೆ ನೇರ 2 ಎಂಬಿ, ಆಮೇಲೆ 1 ಜಿಬಿ. 2 ಎಂಬಿಯ ಹ್ಯೂಜ್ ಪೇಜ್ ದೊಡ್ಡ ಡೇಟಾಬೇಸ್‌ಗಳಿಗೆ, ವರ್ಚುವಲ್ ಮಷೀನ್‌ಗಳಿಗೆ ಬಹಳ ಒಳ್ಳೆಯದು. ಆದರೆ ರೆಡಿಸ್ ತರಹದ, ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುವ ಡೇಟಾಬೇಸ್‌ಗಳು ಫೋರ್ಕ್ ಮಾಡಿ (ತಮ್ಮದೇ ಒಂದು ಪ್ರತಿ ಹುಟ್ಟಿಸಿ) ಸ್ನ್ಯಾಪ್‌ಶಾಟ್ ತೆಗೆಯುವಾಗ ಹಳೆಯ ಕರ್ನಲ್‌ಗಳಲ್ಲಿ ಒಂದು ಬೈಟ್ ಬದಲಾದರೂ 2 ಎಂಬಿ ನಕಲು ಆಗುತ್ತಿತ್ತು, ಅದಕ್ಕೇ ಅಲ್ಲಿ ಅದನ್ನು ಆಫ್ ಮಾಡಿ ಅನ್ನುತ್ತಾರೆ.

ನಾನಾದರೆ ಮೂಲ ಪೇಜ್ 4 ಕೆಬಿಯೇ ಇಟ್ಟು, ಬೇಕಾದ ಕಡೆ ಮಾತ್ರ ದೊಡ್ಡದು ಮಾಡುತ್ತೇನೆ. 2024ರ ಲಿನಕ್ಸ್ 6.8ರಿಂದ ಕರ್ನಲ್ಲೇ 16 ಅಥವಾ 64 ಕೆಬಿಯ ಗುಂಪುಗಳಲ್ಲಿ ಮೆಮೊರಿ ಕೊಡಬಲ್ಲದು, ನಿಮ್ಮ ಹತ್ತಿರ ಹೊಸ ಕರ್ನಲ್ ಇದ್ದರೆ ಮೊದಲು ಅದನ್ನು ಆನ್ ಮಾಡಿ ನಿಮ್ಮದೇ ಪ್ರೋಗ್ರಾಮ್ ಓಡಿಸಿ, ಟಿಎಲ್‌ಬಿ ಮಿಸ್ (ಬೇಕಾದ ವಿಳಾಸ ಟಿಎಲ್‌ಬಿಯಲ್ಲಿ ಸಿಗದೇ ಹೋಗುವುದು) ಎಷ್ಟು ಇಳಿಯಿತು ಅಂತ ಲಿನಕ್ಸ್‌ನ ಅಳತೆಯ ಸಾಧನವಾದ ಪರ್ಫ್‌ನಲ್ಲಿ ಅಳೆದು ನೋಡಿ.