ತೋಪು ಉಳಿಸಲು ವಿಲ್ ಒಂದೇ ಸಾಲದು

ಬನಶಂಕರಿಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಆನೇಕಲ್ ಕಡೆ ನಮ್ಮ ಯಜಮಾನರು ಕೊಂಡ ಎರಡೂವರೆ ಎಕರೆ ಜಮೀನಿದೆ. ಹೊಂಗೆ, ಹಿಪ್ಪೆ, ನೇರಳೆ ಮರಗಳ ತೋಪು, ನಡುವೆ ಒಂದು ಕುಂಟೆ. ಅವರು ತೀರಿಕೊಂಡು ಆರು ವರ್ಷವಾಯಿತು, ಸುತ್ತಲೂ ಲೇಔಟ್ ಎದ್ದಿವೆ. ನನ್ನ ನಂತರ ಮಗ ಮಾರಿಬಿಡುತ್ತಾನೇನೋ ಎಂಬ ಭಯ. ಅಮೆರಿಕದಲ್ಲಿ ಜಮೀನು ನಮ್ಮ ಹೆಸರಲ್ಲೇ ಇದ್ದು, ಅಲ್ಲಿ ಯಾರೂ ಕಟ್ಟದಂತೆ ಶಾಶ್ವತ ಒಪ್ಪಂದ ಮಾಡಿಕೊಳ್ಳಬಹುದಂತೆ, ಅಲ್ಲಿರುವ ಮಗಳು ಹೇಳುತ್ತಾಳೆ. ನಮ್ಮಲ್ಲೂ ಆಗುತ್ತದೆಯೇ? ಇಲ್ಲ, 'ಮಾರಕೂಡದು' ಎಂದು ವಿಲ್ ಬರೆದಿಟ್ಟರೆ ಸಾಕೇ?"

ಮಾನ್ಯರೇ,

ನಿಮ್ಮ ಕಾಗದ ಎರಡು ದಿನ ಮನಸ್ಸಿನಿಂದ ಸರಿಯಲಿಲ್ಲ. ನಾನು ಹುಡುಗನಾಗಿ ಆಡಿದ ಗುಂಡುತೋಪಿನ ಜಾಗದಲ್ಲಿ ಇಂದು ಮದುವೆ ಛತ್ರವಿದೆ. ಅಲ್ಲಿದ್ದ ಮರಗಳ ಒಂದು ಫೋಟೋ ಕೂಡ ನನ್ನ ಬಳಿ ಇಲ್ಲ. ಆದ್ದರಿಂದ ಉತ್ತರ ಉದ್ದವಾದರೆ ಕ್ಷಮಿಸಿ.

ಮೊದಲು ವಿಲ್ ವಿಚಾರ. ಜಮೀನನ್ನು ಮಗನಿಗೆ ಪೂರ್ಣ ಹಕ್ಕಿನೊಂದಿಗೆ ಬರೆದು, ಕೆಳಗೆ 'ಮಾರಕೂಡದು' ಎಂದು ಸೇರಿಸಿದರೆ ಹಕ್ಕು ಉಳಿಯುತ್ತದೆ, ಷರತ್ತು ಬಿದ್ದುಹೋಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು: ಯಜಮಾನರು ವಿಲ್ ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮಗೂ ಮಕ್ಕಳಿಬ್ಬರಿಗೂ ಆ ಜಮೀನಿನಲ್ಲಿ ಸಮಪಾಲು ಈಗಾಗಲೇ ಬಂದಿದೆ. ಪಹಣಿಯಲ್ಲಿ ನಿಮ್ಮೊಬ್ಬರ ಹೆಸರೇ ಇದ್ದರೂ ಅವರ ಪಾಲು ಹೋಗುವುದಿಲ್ಲ. ನಿಮ್ಮ ವಿಲ್ ನಿಮ್ಮ ಪಾಲನ್ನು ದಾಟಿ ಏನನ್ನೂ ಹೇಳಲಾರದು.

ಇನ್ನು ಅಮೆರಿಕದ ಒಪ್ಪಂದ. ಮಗಳು ಹೇಳಿದ್ದು ನಿಜ. ಅಲ್ಲಿ ಜಮೀನಿನ ಮಾಲೀಕರು 'ಇಲ್ಲಿ ಕಟ್ಟುವುದಿಲ್ಲ, ತುಂಡು ಮಾಡಿ ಮಾರುವುದಿಲ್ಲ' ಎಂದು ಭೂ ಸಂರಕ್ಷಣಾ ಟ್ರಸ್ಟ್ ಒಂದಕ್ಕೆ ಬರೆದುಕೊಡುತ್ತಾರೆ. ಜಮೀನು ಕೈ ಬದಲಾದರೂ ಒಪ್ಪಂದ ಅದರ ಜೊತೆಗೇ ಹೋಗುತ್ತದೆ. ಟ್ರಸ್ಟಿನವರು ಆಗಾಗ ಬಂದು ನೋಡುತ್ತಾರೆ, ತಪ್ಪಿದರೆ ಕೋರ್ಟಿಗೆ ಎಳೆಯುತ್ತಾರೆ. ಇಂಥ ಒಪ್ಪಂದವನ್ನು ಅಲ್ಲಿ 'ಕನ್ಸರ್ವೇಶನ್ ಈಸ್‌ಮೆಂಟ್' ಎನ್ನುತ್ತಾರೆ. ನಮಗೆ ತೊಡಕಾಗುವುದು ಇಲ್ಲೇ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಈಸ್‌ಮೆಂಟ್ ಎಂದರೆ ಒಂದು ಜಮೀನಿನ ಅನುಕೂಲಕ್ಕಾಗಿ ಇನ್ನೊಂದು ಜಮೀನಿನ ಮೇಲಿರುವ ಹಕ್ಕು. ಪಕ್ಕದವರ ಹೊಲದಲ್ಲಿ ನಿಮಗಿರುವ ಬಂಡಿದಾರಿಯ ಹಾಗೆ. ಅಕ್ಕಪಕ್ಕ ಅಂಗೈಯಗಲ ನೆಲವೂ ಇಲ್ಲದ ಸಂಸ್ಥೆಗೆ ಆ ಹಕ್ಕು ಹುಟ್ಟುವುದೇ ಇಲ್ಲ. ಅಮೆರಿಕದಲ್ಲೂ ಹಳೆಯ ಕಾನೂನು ಇದೇ ಅಡ್ಡಿ ಒಡ್ಡುತ್ತಿತ್ತು. ಅದನ್ನು ತೆಗೆಯಲು 1981ರಲ್ಲಿ ಒಂದು ಮಾದರಿ ಕಾಯ್ದೆ ರೂಪಿಸಿದರು, ರಾಜ್ಯಗಳು ಒಂದೊಂದಾಗಿ ಒಪ್ಪಿಕೊಂಡವು. ಇಂಗ್ಲೆಂಡಿನಲ್ಲಿ ಇಂಥ ಒಪ್ಪಂದಕ್ಕೆ ಕಾನೂನಿನ ಬಲ ಬಂದದ್ದು 2022ರಲ್ಲಿ. ನಮ್ಮ ವಿಧಾನಸಭೆಯಲ್ಲೂ ಈ ಮಾತು ಏಳಬೇಕು, ಬೆಂಗಳೂರಿನ ಅಂಚಿನ ತೋಪುಗಳಿಗೆ ಹೆಚ್ಚು ಕಾಲವಿಲ್ಲ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಕಥೆ ಕೇಳಿ. 1808ರಲ್ಲಿ ಟಲ್ಕ್ ಎಂಬವರು ಅಲ್ಲಿನ ಉದ್ಯಾನವನ್ನು 'ಉದ್ಯಾನವಾಗಿಯೇ ಇರಬೇಕು' ಎಂಬ ಕರಾರಿನ ಮೇಲೆ ಮಾರಿದರು. ಸುತ್ತಲಿನ ಮನೆಗಳನ್ನು ತಾವೇ ಇಟ್ಟುಕೊಂಡರು. ಕೈಯಿಂದ ಕೈಗೆ ಹೋದ ಉದ್ಯಾನ ಕಡೆಗೆ ಮಾಕ್ಸ್‌ಹೇ ಎಂಬವರಿಗೆ ಸೇರಿತು. ಅವರು ಅಲ್ಲಿ ಕಟ್ಟಲು ಹೊರಟಾಗ, ಕರಾರು ಗೊತ್ತಿದ್ದೇ ಕೊಂಡವರು ಅದಕ್ಕೆ ಬದ್ಧರು ಎಂದು 1848ರಲ್ಲಿ ತೀರ್ಪಾಯಿತು. ಆ ಉದ್ಯಾನ ಇಂದಿಗೂ ಇದೆ. ಆ ತತ್ವವೇ ನಮ್ಮ ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಮಿನಲ್ಲಿದೆ.

ನಿಮ್ಮ ಮನೆಗೆ ಇದು ಚೆನ್ನಾಗಿ ಹೊಂದುತ್ತದೆ. ನೀವು ಮೂವರೂ ವಿಭಾಗಪತ್ರ ಮಾಡಿಕೊಳ್ಳಿ. ಒಬ್ಬರ ಪಾಲಿನ ತೋಪು, ಕುಂಟೆ ಉಳಿಯುವುದು ಪಕ್ಕದ ಪಾಲಿನ ನೆರಳಿಗೆ, ಬಾವಿಯ ನೀರಿಗೆ ಬೇಕು ಎಂದು ಕಾರಣ ಸಮೇತ ಬರೆಸಿ. ಪತ್ರ ನೋಂದಣಿಯಾದರೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದವರಿಗೆ ಕಾಣುತ್ತದೆ, ಮುಂದೆ ಕೊಳ್ಳುವವರು 'ಗೊತ್ತಿರಲಿಲ್ಲ' ಎನ್ನಲಾಗದು. ಒಂದು ಎಚ್ಚರಿಕೆ: 'ಕಡಿಯಬೇಡ, ಮುಚ್ಚಬೇಡ, ಕಟ್ಟಬೇಡ' ಎಂಬ ಕರಾರು ಹೊಸ ಮಾಲೀಕರನ್ನು ಕಟ್ಟಿಹಾಕುತ್ತದೆ. 'ಸಸಿ ನೆಡು, ಹೂಳು ತೆಗೆ' ಎಂಬುದು ಕಟ್ಟಿಹಾಕುವುದಿಲ್ಲ. ಎಲ್ಲ ಪಾಲುಗಳೂ ಒಬ್ಬರ ಕೈ ಸೇರಿದರೆ ಕರಾರೂ ಮುಗಿಯಿತು. ಆದ್ದರಿಂದ ಒಂದೆರಡು ಗುಂಟೆಯನ್ನು ಸಾರ್ವಜನಿಕ ಟ್ರಸ್ಟಿಗೆ ದಾನಪತ್ರ ಮಾಡಿಕೊಡುವ ಬಗ್ಗೆ ವಕೀಲರನ್ನು ಕೇಳಿ. ಆಗ ಮನೆಯವರಲ್ಲದ ನೆರೆಯವರೊಬ್ಬರು ಕಾವಲಿಗೆ ಇರುತ್ತಾರೆ.

ಇನ್ನೂ ಗಟ್ಟಿಯಾದ ದಾರಿ ವನ್ಯಜೀವಿ ಕಾಯ್ದೆಯಲ್ಲಿದೆ. ಮಾಲೀಕರು ತಾವಾಗಿ ಮುಂದೆ ಬಂದರೆ ಖಾಸಗಿ ಜಮೀನನ್ನೂ ಸಮುದಾಯ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಬಹುದು. ಮದ್ದೂರಿನ ಕೊಕ್ಕರೆಬೆಳ್ಳೂರು 2007ರಲ್ಲಿ ಹಾಗಾಯಿತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ರೈತರ ಸ್ವಂತ ಹುಣಸೆ ಮರಗಳಲ್ಲಿ. ಬಾಣಂತನಕ್ಕೆ ಬಂದ ಮಗಳೆಂದು ಹಕ್ಕಿಯನ್ನು ಕಾಣುವ ಜನ ಅವರು. ಆದರೂ ಹುಣಸೆ ಇಳಿಸದೆ ಬಿಟ್ಟ ನಷ್ಟಕ್ಕೆ ಅರಣ್ಯ ಇಲಾಖೆ ಹಣ ಕೊಡಬೇಕಾಯಿತು, ಅದು ನ್ಯಾಯವೂ ಹೌದು. ಒಮ್ಮೆ ಘೋಷಣೆಯಾದರೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ಎರಡೂವರೆ ಎಕರೆಗೆ ಸರ್ಕಾರ ಒಪ್ಪಬೇಕಾದರೆ ಅಲ್ಲಿ ಯಾವ ಜೀವಿಗಳಿವೆ ಎಂಬ ದಾಖಲೆ ಬಲವಾಗಿರಬೇಕು. ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬನ್ನಿ: ಯಾವ ತಿಂಗಳು ಯಾವ ಹಕ್ಕಿ, ಕುಂಟೆಯಲ್ಲಿ ನೀರು ಎಲ್ಲಿಯವರೆಗೆ.

ಅಮ್ಮಾ, ಯಾವ ದಾರಿ ಹಿಡಿದರೂ ಮಗನ ಸಹಿ ಇಲ್ಲದೆ ಆಗದು. ಅವರಿಗೆ ಹೆದರಿ ಅವರನ್ನು ಬಿಟ್ಟು ಯೋಜನೆ ಮಾಡಬೇಡಿ. ಮನೆ ಕಟ್ಟಲು ರಸ್ತೆ ಕಡೆಯ ಹತ್ತು ಗುಂಟೆ ಬೇಕೆಂದರೆ ಕೊಡಿ, ಅದರಿಂದ ತೋಪು ಹೋಗುವುದಿಲ್ಲ. ಸರ್ವೆಯವರಿಂದ ಪಾಲುಗಳ ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ, ಕುಂಟೆಗೆ ನೀರು ಬರುವ ಕಾಲುವೆಯನ್ನು ಅದರಲ್ಲಿ ಗುರುತು ಹಾಕಿಸಿ. ಮಗಳು ರಜೆಗೆ ಬಂದಾಗ ಇಬ್ಬರನ್ನೂ ಜೊತೆಯಲ್ಲೇ ಕರೆದುಕೊಂಡು ಹೋಗಿ. ಹಿಪ್ಪೆ ಹೂ ಉದುರುವ ಕಾಲವಾದರೆ ಇನ್ನೂ ಒಳ್ಳೆಯದು.

– ಸಂಪಾದಕ